ಹೆಂಡತಿಗೆ ಕಾಣದ ಫಿಲ್ಟರ್

ಬೆರಳನ್ನು ಮೂಗಿನ ಹತ್ತಿರ ತಂದ ಕೂಡಲೇ ಅಬ್ದುಲ್ ಶುಕೂರರಿಗೆ ಮತ್ತೆ ಹಸಿವಾಯಿತು.

ಬೆಳ್ತಂಗಡಿಯ ಗ್ಯಾರೇಜೊಂದರಲ್ಲಿ, ಜಾಕ್ ಕೊಟ್ಟು ಎತ್ತಿ ನಿಲ್ಲಿಸಿದ ಕೆಂಪು ಕಾರಿನ ಅಡಿಯಲ್ಲಿ ಅವರು ಅಂಗಾತ ಮಲಗಿದ್ದರು. ಬೆನ್ನಿನ ಕೆಳಗೆ ಯಾವುದೋ ಕ್ರಿಕೆಟ್ ಪಂದ್ಯಾಟದ ಹಳೆಯ ಫ್ಲೆಕ್ಸು. ಹೊಟ್ಟೆಯ ಮೇಲೆ, ತಾಗಿಯೂ ತಾಗದ ಹಾಗೆ, ಎಂಜಿನು. ಒಳಗೆ ಹೋಗುವಾಗ ಸಲೀಸಾಗಿ ಹೋಗಿದ್ದ ಹೊಟ್ಟೆ ಈಗ ಹೊರಗೆ ಬರುವುದಕ್ಕೆ ತಕರಾರು ಮಾಡುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಪತ್ತೇದಾರನ ಮರ್ಯಾದೆ ಏನಾಗಬೇಕು? ಆದ್ದರಿಂದ ಪರೀಕ್ಷೆ ಇನ್ನೂ ಮುಗಿದಿಲ್ಲ ಎಂಬ ಹಾಗೆ ಅವರು ಟಾರ್ಚು ಆಡಿಸುತ್ತ ಮಲಗಿಯೇ ಇದ್ದರು.

ಎಂಜಿನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರನ್ನು ಮೆಕ್ಯಾನಿಕ್ ಉಜ್ವಲ ಆಗಲೇ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಮೇಲೆ ಉಳಿದಿದ್ದದ್ದು ಕಂದು ಬಣ್ಣದ, ಪಾಕ ಹೆಚ್ಚಾದ ಬೆಲ್ಲದಂಥ ಅಂಟು. ಶುಕೂರರು ಅದನ್ನು ಇನ್ನೊಮ್ಮೆ ಬೆರಳಿಗೆ ತಾಗಿಸಿದರು, ಇನ್ನೊಮ್ಮೆ ಮೂಸಿದರು. ಹೊಟ್ಟೆ ಗುರ್ ಎಂದಿತು. ಬೆಳಿಗ್ಗೆ ಹೆಂಡತಿ ಆಯಿಶಮ್ಮ ಶುಗರಿನ ಹೆಸರು ಹೇಳಿ ಕುಡಿಸಿದ ರಾಗಿ ಅಂಬಲಿಯನ್ನು ಅವರು ಮನಸ್ಸಿನಲ್ಲೇ ಬೈದರು. ಶುಗರಿನ ಮಾತ್ರೆಯಿಂದಲೇ ಇಷ್ಟು ಹಸಿವು ಎಂದು ತೀರ್ಮಾನಿಸಿ, ಆ ಅಂಟನ್ನು ಕರವಸ್ತ್ರದ ತುದಿಗೆ ಒರೆಸಿ ಜೇಬಿಗೆ ಹಾಕಿಕೊಂಡರು.

ಈ ಕಾರು ಮಿಜಾರಿನಲ್ಲಿ ಹೋಟೆಲು ನಡೆಸುವ ಕಾಂತಿಯಕ್ಕನದ್ದು. ಕಳೆದ ವಾರ ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನು ಜಾಮ್ ಆಗಿ ತಿರುವಿನಲ್ಲೇ ನಿಂತುಬಿಟ್ಟಿತ್ತು. ಎಳೆದು ತಂದ ಕಾರನ್ನು ಬಿಚ್ಚಿದ ಉಜ್ವಲ, ಒಳಗಿನ ಅಂಟನ್ನು ನೋಡಿ ಒಂದೇ ಒಂದು ಶಬ್ದ ಹೇಳಿದ್ದ: ಡೂಪ್ಲಿಕೇಟ್. ಎಣ್ಣೆ ಮತ್ತು ಫಿಲ್ಟರುಗಳನ್ನು ಕಾಂತಿಯಕ್ಕ ತೆಗೆದುಕೊಂಡು ಬಂದದ್ದು ಬಿ.ಸಿ. ರೋಡಿನ ಅಝೀಮನ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ. ಆ ಅಝೀಮ ಶುಕೂರರ ಅಕ್ಕ ಜೈನಬಮ್ಮನ ಮಗ.

ಅಲ್ಲಿಂದ ಮುಂದೆ ಸುದ್ದಿಗೆ ಎಂಜಿನ್ ಬೇಕಾಗಲಿಲ್ಲ. ಮರುದಿನ ಅಝೀಮ ಅಂಗಡಿಯ ಶಟರ್ ಎತ್ತುವಾಗ ಎದುರಿನ ರಿಕ್ಷಾ ಪಾರ್ಕಿನಿಂದ ಯಾರೋ 'ಓ ಡೂಪ್ಲಿಕೇಟ್' ಎಂದು ಕರೆದರು. ಅವನು ತಿರುಗಿ ನೋಡಿದ. ತಿರುಗಿ ನೋಡಬಾರದಿತ್ತು.

ನಮ್ಮ ಬಂಟ್ವಾಳದ ಕಡೆ ಅಡ್ಡಹೆಸರು ಎಂದರೆ ತಮಾಷೆಯಲ್ಲ. ಒಮ್ಮೆ ಅಂಟಿದರೆ ಮನುಷ್ಯ ಹೋದರೂ ಅದು ಹೋಗುವುದಿಲ್ಲ, ಮನೆಗೆ ಅಂಟುತ್ತದೆ, ಮಕ್ಕಳಿಗೆ ಅಂಟುತ್ತದೆ. ಇದು ಶುಕೂರರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೌದಿಯ ದಮ್ಮಾಮಿನಿಂದ ಮೊದಲ ಸಲ ರಜೆಗೆ ಬರುವಾಗ, ಎಪ್ರಿಲ್ ತಿಂಗಳಿನ ಸೆಕೆಯಲ್ಲಿ, ಇದ್ದಬದ್ದ ನೆಂಟರಿಗೆಲ್ಲ ಹುಲಿಯ ಚಿತ್ರದ ದಪ್ಪ ಕಂಬಳಿ ತಂದು ಹಂಚಿದ ಒಂದು ತಪ್ಪಿಗೆ ಅವರು ಇವತ್ತಿಗೂ ಕಂಬಳಿ ಶುಕೂರ್. ಅಲ್ಲಿ ಬಾಡಿಗೆ ಕಾರಿನ ಕಂಪೆನಿಯಲ್ಲಿ ಟಯರು ಕಳ್ಳರನ್ನು ಹಿಡಿದ ಧೈರ್ಯದಲ್ಲಿ, ಊರಿಗೆ ಮರಳಿದ ಮೇಲೆ ಬಿ.ಸಿ. ರೋಡಿನಲ್ಲಿ ಮಹಡಿ ಹಿಡಿದು 'ಶುಕೂರ್ ಡಿಟೆಕ್ಟಿವ್ ಬ್ಯೂರೋ' ಎಂದು ಬೋರ್ಡು ಹಾಕಿದ್ದರು. ಜನ ಅದನ್ನು ಕಂಬಳಿ ಆಫೀಸು ಎನ್ನುತ್ತಿದ್ದರು.

ಆದರೆ ಕಂಬಳಿಯಿಂದ ಯಾರ ಮದುವೆಯೂ ನಿಲ್ಲುವುದಿಲ್ಲ. ಡೂಪ್ಲಿಕೇಟ್ ಎಂಬುದರಿಂದ ನಿಲ್ಲಬಹುದು.

ಅಝೀಮನ ತಂಗಿ ನುಸ್ರತ್‌ಳನ್ನು ಕೇಳಿಕೊಂಡು ನಾರಾವಿಯ ಸುಲೈಮಾನ್ ಹಾಜಿಯವರು ಇವತ್ತು ಸಂಜೆ ಚಹಾಕ್ಕೆ ಬರುವವರಿದ್ದರು, ಮಗ ಬಾಸಿತ್‌ಗಾಗಿ. ಹಾಜಿಯವರು ಲಾರಿಯ ಸ್ಟೇರಿಂಗ್ ತಿರುಗಿಸಿಯೇ ಮೇಲೆ ಬಂದವರು. ಹಪ್ಪಳದಲ್ಲಿ ಕಲ್ಲು ಸಿಕ್ಕಿದರೂ ಕ್ಷಮಿಸುತ್ತಾರೆ, ಎಂಜಿನ್ ಎಣ್ಣೆಯ ಕಲಬೆರಕೆಯನ್ನು ಕ್ಷಮಿಸುವವರಲ್ಲ. ಬರುವ ಮೊದಲೇ ಅವರು ಮಧ್ಯಸ್ಥರ ಹತ್ತಿರ ವಿಚಾರಿಸಿದ್ದರಂತೆ, ಆ ಡೂಪ್ಲಿಕೇಟ್ ಅಂಗಡಿಯವನಿಗೂ ಹುಡುಗಿಗೂ ಏನು ಸಂಬಂಧ ಎಂದು.

ನಿನ್ನೆ ನುಸ್ರತ್ ಮಹಡಿ ಹತ್ತಿ ಬಂದು ಮಾವನ ಎದುರು ನಿಂತಿದ್ದಳು. "ಮಾಮ, ಸಂಬಂಧ ಹೋದ್ರೆ ಹೋಗ್ಲಿ. ಅಣ್ಣ ಮೂರು ದಿವಸದಿಂದ ಊಟ ಮಾಡೂದಿಲ್ಲ. ಅವನ ತಲೆ ಮೇಲಿಂದ ಆ ಹೆಸರನ್ನು ಇಳಿಸಿ ಕೊಡಿ."

ಸಂಜೆಯ ಚಹಾದ ಒಳಗೆ ಇಳಿಸುತ್ತೇನೆ ಎಂದು ಶುಕೂರರು ಮಾತು ಕೊಟ್ಟಿದ್ದರು. ಮಾತು ಕೊಡುವಾಗ ಅವರಿಗೆ ಕೇಸಿನ ತಲೆಬುಡ ಗೊತ್ತಿರಲಿಲ್ಲ. ಈಗಲೂ ಗೊತ್ತಿರಲಿಲ್ಲ.

"ಮಾಮ, ಸಿಕ್ಕಿಹಾಕಿಕೊಂಡಿರಾ?" ಎಂದು ಅಝೀಮ ಬಗ್ಗಿ ಕೇಳಿದ.

"ಇಲ್ಲ. ಆಲೋಚನೆ ಮಾಡ್ತಾ ಇದ್ದೇನೆ," ಎಂದರು ಶುಕೂರರು. "ನೀನು ಆ ಕಾಲು ಹಿಡಿ. ಉಜ್ವಲನಿಗೆ ಈ ಕಾಲು ಹಿಡಿಯಲಿಕ್ಕೆ ಹೇಳು."

ಇಬ್ಬರೂ ಹಿಡಿದು ಎಳೆದರು. ಅಂಗಿಯ ಒಂದು ಗುಂಡಿ ಕಾರಿನ ಅಡಿಯಲ್ಲೇ ಉಳಿಯಿತು.

ಎದ್ದು ನಿಂತು ಧೂಳು ಕೊಡವುತ್ತ ಶುಕೂರರು ಉಜ್ವಲನನ್ನು ಸರಿಯಾಗಿ ನೋಡಿದರು. ಅವರ ಮೊದಲ ಸಂಶಯ ಅವನ ಮೇಲೆಯೇ. ಡೂಪ್ಲಿಕೇಟ್ ಎಂಬ ಶಬ್ದ ಹುಟ್ಟಿದ್ದು ಅವನ ಬಾಯಿಯಲ್ಲಿ. ಗ್ಯಾರೇಜಿನ ಗೋಡೆಯ ಮೇಲೆ ಬೇರೆ ಕಂಪೆನಿಯ ಎಣ್ಣೆಯ ಬೋರ್ಡು ಹೊಳೆಯುತ್ತಿತ್ತು. ಸಾಲದ್ದಕ್ಕೆ ಅವನು ಕಾಂತಿಯಕ್ಕನ ಗಂಡ ಮುಂಡಪ್ಪಣ್ಣನ ತಂಗಿಯ ಮಗ. ಆದರೆ ಎಣ್ಣೆ ಹಾಕಿದವನು ಉಜ್ವಲ ಅಲ್ಲ. ಮುಂಡಪ್ಪಣ್ಣನೇ ಹೋಟೆಲಿನ ಹಿಂದಿನ ಅಂಗಳದಲ್ಲಿ ತನ್ನ ಕೈಯಾರೆ ಹಾಕಿದ್ದು ಎಂದು ಎಲ್ಲರೂ ಒಪ್ಪುತ್ತಿದ್ದರು. ಅರ್ಧ ಜೀವಮಾನ ಗದ್ದೆ ಉಳುವ ಟಿಲ್ಲರಿನ ಜೊತೆ ಗುದ್ದಾಡಿದವರಿಗೆ ಕಾರಿನ ಎಣ್ಣೆ ಬದಲಾಯಿಸುವುದು ಯಾವ ಲೆಕ್ಕ?

ಶುಕೂರರು ಬಾನೆಟಿನ ಒಳಗೆ ಇಣುಕಿದರು. ಮೇಲೆಯೇ, ಕೈಗೆ ಸಿಗುವ ಜಾಗದಲ್ಲಿ, ಏರ್ ಫಿಲ್ಟರಿನ ಪೆಟ್ಟಿಗೆ. ಕ್ಲಿಪ್ಪು ಸರಿಸಿ ಮುಚ್ಚಳ ಎತ್ತಿದರೆ ಒಳಗೆ ಇಸ್ತ್ರಿ ಮಾಡಿದ ಹಾಗೆ ಮಡಿಕೆ ಮಡಿಕೆಯಾದ ಹೊಚ್ಚ ಹೊಸ ಫಿಲ್ಟರು.

"ಇದು ನಮ್ಮ ಅಂಗಡಿದೇ," ಎಂದ ಅಝೀಮ. ಒಂದು ವಾರದಲ್ಲಿ ಅವನ ಮುಖದಲ್ಲಿ ಮೊದಲ ಸಲ ಸ್ವಲ್ಪ ಬಣ್ಣ ಬಂತು.

"ಆಯಿಲ್ ಫಿಲ್ಟರ್ ಎಲ್ಲಿ?"

ಉಜ್ವಲ ತಡಮಾಡಿದ. ಸ್ಪ್ಯಾನರು ಹುಡುಕುವವನ ಹಾಗೆ ಆಚೆ ಈಚೆ ನೋಡಿದ. ಆಮೇಲೆ ಬೆಂಚಿನ ಅಡಿಯಿಂದ ಒಂದು ಹಳೆಯ ತಗಡಿನ ತಟ್ಟೆಯನ್ನು ಎಳೆದ. ಅದರಲ್ಲಿ ಲೋಟದಷ್ಟು ದೊಡ್ಡ ಬಿಳಿ ಫಿಲ್ಟರು ಅಡ್ಡಬಿದ್ದಿತ್ತು. ಮೈಯನ್ನು ಯಾರೋ ಪೆಟ್ರೋಲು ಹಾಕಿ ಉಜ್ಜಿ ತೊಳೆದಿದ್ದರು. ಆದರೆ ಅಂಚಿನ ಸಂದಿನಲ್ಲಿ ತುಕ್ಕು ಹಾಗೆಯೇ ಇತ್ತು.

ಅಝೀಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ತಾನು ಕೊಟ್ಟದ್ದು ಕಪ್ಪು ಬಣ್ಣದ್ದು, ಈ ಬಿಳಿಯದು ತಮ್ಮ ಅಂಗಡಿಗೆ ಕಾಲಿಟ್ಟದ್ದೇ ಇಲ್ಲ ಎಂದ. ಮಾತು ಮುಗಿಸುವಾಗ ಅವನ ಸ್ವರ ಏರಿತ್ತು. ಉಜ್ವಲ ನೆಲ ನೋಡುತ್ತ, ಇದು ಹಳೆಯದೆಂದು ತನಗೂ ಆಮೇಲೆ ಗೊತ್ತಾಯಿತು, ಆದರೆ ದೊಡ್ಡವರ ಮನೆಯ ವಿಷಯ, ಬಾಯಿ ಹಾಕಿದರೆ ಅತ್ತೆ ಮಾವನ ಮಧ್ಯೆ ಜಗಳ ಆಗುತ್ತದೆಂದು ಸುಮ್ಮನಿದ್ದೆ ಎಂದು ಒಪ್ಪಿಕೊಂಡ.

ಶುಕೂರರು ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಬಾನೆಟಿನ ಒಳಗಿನ ಹೊಸ ಫಿಲ್ಟರನ್ನು ನೋಡಿದರು. ತಟ್ಟೆಯ ಹಳೆಯ ಫಿಲ್ಟರನ್ನು ನೋಡಿದರು. ಅವರ ಕಣ್ಣ ಮುಂದೆ ತಮ್ಮದೇ ಮನೆಯ ನೀರಿನ ಟ್ಯಾಂಕು ಬಂತು. ಟ್ಯಾಂಕು ತೊಳೆಯಿರಿ ಎಂದು ಆಯಿಶಮ್ಮ ಹೇಳಿದಾಗಲೆಲ್ಲ ಅವರು ಮುಚ್ಚಳವನ್ನೂ ಏಣಿಯನ್ನೂ ಚೆನ್ನಾಗಿ ತೊಳೆದು ಇಳಿಯುತ್ತಿದ್ದರು.

"ಉಜ್ವಲಾ, ಬಾನೆಟ್ ತೆಗೆದ್ರೆ ಕಾಣುವ ಫಿಲ್ಟರ್ ಯಾವುದು?"

"ಏರ್ ಫಿಲ್ಟರ್."

"ಕಾರಿನ ಅಡಿಗೆ ಹೋಗದೆ ಕಾಣದ್ದು?"

"ಆಯಿಲ್ ಫಿಲ್ಟರ್, ಶುಕೂರಿಚ್ಚ."

ಶುಕೂರರು ಉದ್ದಕ್ಕೆ ಉಸಿರು ಬಿಟ್ಟರು. ಗುಂಡಿ ಹೋದ ಜಾಗದಲ್ಲಿ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು, ಎದೆ ಸೆಟೆದು ನಿಂತರು.

"ಕಾಣುವುದನ್ನು ಮಾತ್ರ ಬದಲು ಮಾಡಿದ್ದಾರೆ, ಅಝೀಮಾ. ಇದು ಕಳ್ಳನ ಕೆಲಸ ಅಲ್ಲ. ಗಂಡನ ಕೆಲಸ."

*

ಬೆಳ್ತಂಗಡಿಯಿಂದ ವೇಣೂರು ದಾಟಿ ಮೂಡುಬಿದಿರೆಗೆ ಬರುವವರೆಗೆ ಅಝೀಮ ಒಂದೇ ವಿಷಯವನ್ನು ಹಿಂದುಮುಂದು ಮಾಡಿ ಹೇಳಿದ. ಎಣ್ಣೆ ಕೊಡುವ ದಿನ ಮುಂಡಪ್ಪಣ್ಣನೂ ಅಂಗಡಿಗೆ ಬಂದಿದ್ದರು. ಅಝೀಮ ಕಾರಿನ ಡ್ಯಾಶ್‌ಬೋರ್ಡಿನಿಂದ ಕಂಪೆನಿಯ ಪುಸ್ತಕ ತರಿಸಿ, ಪುಟ ತೆಗೆದು, ಈ ಎಂಜಿನಿಗೆ ಇದೇ ತೆಳು ಎಣ್ಣೆ ಆಗಬೇಕು ಎಂದು ತೋರಿಸಿದ್ದ. ಕಾಂತಿಯಕ್ಕ ಕನ್ನಡಕ ಹಾಕಿ ಓದಿ ತಲೆಯಾಡಿಸಿದ್ದರು. ಮುಂಡಪ್ಪಣ್ಣ ಮಾತ್ರ ಬೇರೆ ಯಾರೋ ಬಿಟ್ಟುಹೋದ ಡಬ್ಬಿಯಲ್ಲಿ ಉಳಿದಿದ್ದ ಅದೇ ಎಣ್ಣೆಯ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, ಇದು ನೀರು, ಇದನ್ನು ಎಂಜಿನಿಗೆ ಹಾಕುವುದೂ ಒಂದೇ ಬಾವಿಗೆ ಹಾಕುವುದೂ ಒಂದೇ ಎಂದಿದ್ದರು.

"ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡ್ಲೆ ಎಣ್ಣೆ ಮೇಲಿನ ತನಕ ಓಡ್ಬೇಕು, ದಪ್ಪ ಆದ್ರೆ ಹತ್ತಲಿಕ್ಕೆ ತಡ ಆಗ್ತದೆ ಅಂತ ಎಷ್ಟು ಹೇಳಿದೆ," ಎಂದ ಅಝೀಮ. "ಅವರು ಕೇಳ್ಬೇಕಲ್ಲ."

ಶುಕೂರರು ಹೂಂ ಎಂದರು. ದಮ್ಮಾಮಿನ ಬಿಸಿಲಿನಲ್ಲಿ ತಾವೂ ದಪ್ಪ ಎಣ್ಣೆಯ ಪಕ್ಷದವರೇ ಆಗಿದ್ದರು ಎಂಬುದನ್ನು ಈ ಹೊತ್ತಿನಲ್ಲಿ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ನಡುವೆ ಅಝೀಮನ ತಾಯಿ ಜೈನಬಮ್ಮ ಫೋನು ಮಾಡಿದರು. ಹಾಜಿಯವರು ಬಂಟ್ವಾಳದ ಮಸೀದಿಯಲ್ಲೇ ಸಂಜೆಯ ಅಸರ್ ನಮಾಝ್ ಮುಗಿಸಿ ಬರುತ್ತಾರಂತೆ, ಬಾಳೆಹಣ್ಣಿನ ಪೋಡಿ ಕರಿಯಲು ಹಿಟ್ಟು ಕಲಸಿ ಆಗಿದೆ, ಮಾವನಿಗೆ ಶುಗರು ಇರುವ ಕಾರಣ ಅವನಿಗೆ ಎರಡೇ ಎಂದರು. ಜೈನಬಮ್ಮನಿಗೆ ಕೊರೊನಾ ಬಂದು ಹೋದ ಮೇಲೆ ವಾಸನೆ ಗೊತ್ತಾಗುವುದಿಲ್ಲ. ಆದರೂ ಅಡುಗೆಮನೆಗೆ ಇನ್ನೊಬ್ಬರನ್ನು ಸೇರಿಸುವವರಲ್ಲ. ಕೈಯ ಅಂದಾಜು ಸರಿ ಇದ್ದರೆ ಮೂಗು ಯಾಕೆ ಎಂಬುದು ಅವರ ವಾದ.

ಅಝೀಮ ಫೋನನ್ನು ಜೇಬಿಗೆ ಹಾಕಿದ. ಆಮೇಲೆ, ಇನ್ನೂ ಯಾರೂ ತಾಯಿಗೆ ಆ ಹೆಸರನ್ನು ಹೇಳಿಲ್ಲ, ಇವತ್ತು ಹಾಜಿಯವರೇ ಎದುರಿನಲ್ಲಿ ಕೇಳಿಬಿಟ್ಟರೆ ಏನು ಮಾಡುವುದು ಎಂದ. ಶುಕೂರರು ಗಡಿಯಾರ ನೋಡಿಕೊಂಡರು.

*

ಮಿಜಾರಿನ ಹೋಟೆಲಿನಲ್ಲಿ ಭಾನುವಾರದ ಗಲಾಟೆ. ಹಾಸ್ಟೆಲಿನ ಹುಡುಗರು ಬೆಂಚು ತುಂಬ ಕೂತು ಗೋಳಿಬಜೆಗೆ ಕಾಯುತ್ತಿದ್ದರು. ಗಲ್ಲಾದಲ್ಲಿ ಮುಂಡಪ್ಪಣ್ಣ, ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ನಸ್ಯದ ಡಬ್ಬಿ. ಶುಕೂರರನ್ನು ಕಂಡ ಕೂಡಲೇ ಅವರು ಒಂದು ಚಿಟಿಕೆ ನಸ್ಯವನ್ನು ಬಲಗಡೆಯ ಹೊಳ್ಳೆಗೆ ಏರಿಸಿದರು. ಅಝೀಮನನ್ನು ಕಂಡ ಮೇಲೆ ಎಡಗಡೆಗೂ ಏರಿಸಿದರು.

ಹೋಟೆಲಿನ ಮರ್ಯಾದೆ ಎಂದರೆ ಮರ್ಯಾದೆ. ಜಗಳಕ್ಕೆ ಬಂದವರಿಗೂ ಮೊದಲು ತಿಂಡಿ. ಇಬ್ಬರ ಎದುರಿಗೂ ಗೋಳಿಬಜೆಯ ಪ್ಲೇಟು, ಚಟ್ನಿ, ಚಹಾ ಬಂತು. ಆಯಿಶಮ್ಮ ಬೆಳ್ತಂಗಡಿಯಿಂದಲೂ ದೂರ, ಮಿಜಾರಿನಿಂದಲೂ ದೂರ ಎಂದು ಲೆಕ್ಕ ಹಾಕಿ ಶುಕೂರರು ಒಂದನ್ನು ಎತ್ತಿಕೊಂಡರು. ಬಾಯಿಯ ಹತ್ತಿರ ತಂದವರು ಅಲ್ಲೇ ನಿಂತುಬಿಟ್ಟರು.

ಎಡಗೈಯಿಂದ ಜೇಬಿನ ಕರವಸ್ತ್ರ ತೆಗೆದರು. ಅದರ ತುದಿಯನ್ನು ಮೂಸಿದರು. ಗೋಳಿಬಜೆಯನ್ನು ಮೂಸಿದರು. ಮತ್ತೆ ಕರವಸ್ತ್ರ. ಮತ್ತೆ ಗೋಳಿಬಜೆ. ಪಕ್ಕದ ಬೆಂಚಿನ ಹುಡುಗರು ತಿನ್ನುವುದನ್ನು ನಿಲ್ಲಿಸಿ ನೋಡತೊಡಗಿದರು.

ಬೆಳಿಗ್ಗೆಯಿಂದ ತಮ್ಮ ಹೊಟ್ಟೆ ಗುರ್ ಗುರ್ ಎಂದು ಹೇಳುತ್ತಿದ್ದದ್ದು ಏನು ಎಂದು ಅವರಿಗೆ ಈಗ ತಿಳಿಯಿತು. ಹೊಟ್ಟೆ ಕೇಸು ಬಿಡಿಸಿ ಇಟ್ಟಿತ್ತು, ತಲೆ ಮಾತ್ರ ಮಾತ್ರೆಯನ್ನು ಬೈಯುತ್ತ ಕೂತಿತ್ತು.

"ಮುಂಡಪ್ಪಣ್ಣ," ಎಂದರು ಶುಕೂರರು, ಗೋಳಿಬಜೆಯನ್ನು ಜೋಪಾನವಾಗಿ ಪ್ಲೇಟಿನಲ್ಲಿಟ್ಟು. "ಬಜೆ ಕರಿದು ಉಳಿದ ಎಣ್ಣೆಯನ್ನು ನೀವು ಎಂಥ ಮಾಡ್ತೀರಿ?"

"ಅದೆಲ್ಲ ಕಾಂತಿಯ ಇಲಾಖೆ. ಗೋಡೌನಿನಲ್ಲಿ ಕ್ಯಾನಿಗೆ ತುಂಬಿಸಿ ಇಡ್ತಾಳೆ. ಡೀಸೆಲ್ ಮಾಡುವವರು ಬಂದು ತಗೊಂಡು ಹೋಗ್ತಾರೆ."

"ಯಾವ ಕ್ಯಾನಿಗೆ?"

"ಯಾವುದಾದ್ರು ಖಾಲಿ ಕ್ಯಾನಿಗೆ. ನನ್ನ ಹತ್ರ ಕ್ಯಾನಿಗೆ ಬರ ಉಂಟಾ?"

ಬರ ಇರಲಿಲ್ಲ. ಮುಂಡಪ್ಪಣ್ಣ ಜೀವನದಲ್ಲಿ ಯಾವತ್ತೂ ಒಂದು ಕ್ಯಾನನ್ನು ಎಸೆದವರಲ್ಲ ಎಂಬುದು ಮೂಡುಬಿದಿರೆಗೆಲ್ಲ ಗೊತ್ತಿದ್ದ ಸಂಗತಿ. ಟಿಲ್ಲರ್ ಮಾರಿ ವರ್ಷಗಳಾದರೂ ಟಿಲ್ಲರ್ ಎಣ್ಣೆಯ ಕ್ಯಾನುಗಳು ಗೋಡೌನಿನಲ್ಲಿ ಸಾಲಾಗಿ ಕೂತಿದ್ದವು. ಹಿಡಿ ಗಟ್ಟಿ, ಮುಚ್ಚಳ ಬಿಗಿ, ಎಸೆಯಲು ಮನಸ್ಸಾದರೂ ಹೇಗೆ ಬರಬೇಕು?

ಶುಕೂರರು ದನಿ ತಗ್ಗಿಸಿದರು. ಕಾರಿನ ಆಯಿಲ್ ಫಿಲ್ಟರ್ ಬದಲಾಗಿಲ್ಲ ಎಂಬುದನ್ನು ತಾವು ಕಣ್ಣಾರೆ ನೋಡಿ ಬಂದದ್ದಾಗಿಯೂ, ಹಳೆಯದನ್ನು ಪೆಟ್ರೋಲಿನಲ್ಲಿ ತೊಳೆದು ಪುನಃ ಹಾಕಿದ್ದಾಗಿ ಅದರ ತುಕ್ಕೇ ಸಾಕ್ಷಿ ಹೇಳುತ್ತಿರುವುದಾಗಿಯೂ ತಿಳಿಸಿದರು. ಇದನ್ನು ಕಾಂತಿಯಕ್ಕನಿಗೆ ಹೇಳುವ ಆಸೆ ತಮಗಿಲ್ಲ, ಗಂಡಸಿನ ಕಷ್ಟ ಗಂಡಸಿಗೆ ಗೊತ್ತು, ಆದರೆ ಒಬ್ಬ ಹುಡುಗನ ಹೆಸರು ಹಾಳಾಗುತ್ತಿದೆ ಎಂದರು.

ಮುಂಡಪ್ಪಣ್ಣ ನಸ್ಯದ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡಿದರು. ಅಝೀಮ ಅವರನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ಅದನ್ನು ತಡೆಯುವುದು ಮುಂಡಪ್ಪಣ್ಣನಿಗೆ ಕಷ್ಟವಾಯಿತು.

"ಆ ಫಿಲ್ಟರ್ ಒಳ್ಳೇದೇ ಇತ್ತು ಮಾರಾಯ," ಎಂದರು ಕೊನೆಗೆ. "ತೊಳೆದ್ರೆ ಇನ್ನೆರಡು ವರ್ಷ ಬರ್ತಿತ್ತು. ಹೊಸದನ್ನು ಪಂಪಿನ ಶೆಡ್ಡಿನಲ್ಲಿ ತೆಗೆದಿಟ್ಟಿದ್ದೇನೆ, ಕವರ್ ಕೂಡ ಬಿಚ್ಚಲಿಲ್ಲ."

"ಎಣ್ಣೆ?"

"ಎಣ್ಣೆ..." ಮುಂಡಪ್ಪಣ್ಣ ಅಡುಗೆಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿಕೊಂಡರು. "ಆ ನೀರಿನ ಹಾಗಿನ ಎಣ್ಣೆ ಹಾಕಿ ಎಂಜಿನ್ ಹಾಳು ಮಾಡಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ. ಗೋಡೌನಿನಲ್ಲಿ ನನ್ನ ಟಿಲ್ಲರ್ ಎಣ್ಣೆ ಇತ್ತು. ದಪ್ಪ, ಕಂದು ಬಣ್ಣ, ಭಾರೀ ಗಟ್ಟಿ ಎಣ್ಣೆ. ಅದನ್ನೇ ಹಾಕಿದೆ."

"ಮೂಸಿ ನೋಡಿದ್ರಾ?"

"ಈ ಮೂಗಿಗೆ ಎಂಥ ಗೊತ್ತಾಗ್ತದೆ?" ಎಂದು ಅವರು ಡಬ್ಬಿ ತೋರಿಸಿದರು.

ಶುಕೂರರು ಕರವಸ್ತ್ರವನ್ನು ಅವರ ಎದುರು ಇಟ್ಟರು. ಗೋಳಿಬಜೆಯ ಪ್ಲೇಟನ್ನೂ ಪಕ್ಕದಲ್ಲಿ ಸರಿಸಿದರು. ಮುಂಡಪ್ಪಣ್ಣನಿಗೆ ವಾಸನೆ ಗೊತ್ತಾಗಲಿಲ್ಲ, ಆದರೆ ವಿಷಯ ಗೊತ್ತಾಯಿತು. ಅವರ ದೊಡ್ಡ ಮುಖ ಮೆಲ್ಲನೆ ಇಳಿಯಿತು. ಎರಡು ವಾರ ಆ ಕಾರು ಗೋಳಿಬಜೆ ಕರಿದ ಎಣ್ಣೆಯಲ್ಲಿ ಓಡಾಡಿತ್ತು. ಅದನ್ನು ಹಾಕಿಕೊಂಡೇ ಪಾಪ ಚಾರ್ಮಾಡಿ ಹತ್ತಲು ಹೊರಟಿತ್ತು.

"ನಾನು ಖಾಲಿ ಡಬ್ಬಿ ನೋಡಿದ್ದೆನಲ್ಲ," ಎಂದಿತು ಒಂದು ಸ್ವರ.

ಕಾಂತಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಜಾಲರಿ ಸೌಟು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಯಾರಿಗೂ ಗೊತ್ತಿಲ್ಲ. ಹುಡುಗರ ಗಲಾಟೆ ತಾನಾಗಿಯೇ ಕಡಿಮೆಯಾಯಿತು.

"ಅಝೀಮನ ಅಂಗಡಿಯ ಡಬ್ಬಿ ಖಾಲಿ ಮಾಡಿ ನನಗೆ ತೋರಿಸಿದ್ರಿ. ಪೂರ್ತಿ ಹಾಕಿದೆ ಅಂದ್ರಿ. ಹಾಕದಿದ್ರೆ ಅದು ಹೇಗೆ ಖಾಲಿ ಆಯ್ತು?"

ಮುಂಡಪ್ಪಣ್ಣ ಪುನಃ ನಸ್ಯದ ಡಬ್ಬಿಗೆ ಕೈ ಹಾಕಿದರು. ಕೊನೆಗೆ ಹೇಳಲೇಬೇಕಾಯಿತು. ಹೆಂಡತಿ ಖಾಲಿ ಡಬ್ಬಿ ಕೇಳುತ್ತಾಳೆಂದು ಗೊತ್ತಿದ್ದ ಅವರು, ಆ ಹೊಸ ಎಣ್ಣೆಯನ್ನು ಇನ್ನೊಂದು ಕ್ಯಾನಿಗೆ ಸುರಿದು ಗೋಡೌನಿನ ಅಟ್ಟದಲ್ಲಿ ಇಟ್ಟಿದ್ದರು. ಚೆಲ್ಲಿರಲಿಲ್ಲ. ಚೆಲ್ಲುವ ಮನುಷ್ಯನೇ ಅಲ್ಲ. ಗೇಟಿನ ಕೀಲಿಗೆ ಬಿಡಲು ಆಗುತ್ತದೆ ಎಂದುಕೊಂಡಿದ್ದರು.

ಕಾಂತಿಯಕ್ಕ ಗಂಡನ ಮೇಲೆ ಕೂಗಾಡಲಿಲ್ಲ. ಜಾಲರಿ ಸೌಟನ್ನು ಗಲ್ಲಾದ ಮೇಲೆ ಇಟ್ಟರು, ಅಷ್ಟೇ. ಮುಂಡಪ್ಪಣ್ಣ ಅದಕ್ಕಿಂತ ಕೂಗಾಟವನ್ನೇ ಇಷ್ಟಪಡುತ್ತಿದ್ದರು ಎಂದು ಅವರ ಮುಖ ಹೇಳುತ್ತಿತ್ತು.

ಆಮೇಲೆ ಆಕೆ ಅಝೀಮನ ಕಡೆ ತಿರುಗಿದರು. ಹೇಳಬೇಕಾದ ಮಾತು ಅವರಿಗೆ ಸುಲಭವಾಗಿ ಬರಲಿಲ್ಲ. ತಾನು ಕಂಡಕಂಡವರ ಹತ್ತಿರ ಆ ಶಬ್ದ ಹೇಳಿದ್ದು ಹೌದು ಎಂದರು. ಆಡಿದ್ದನ್ನು ಹಿಂದೆ ತೆಗೆದುಕೊಳ್ಳುವುದಕ್ಕೂ ತಾನೇ ಬರುತ್ತೇನೆ, ಇವತ್ತೇ ಬಂಟ್ವಾಳಕ್ಕೆ ಬಂದು ಹಾಜಿಯವರ ಎದುರೇ ಹೇಳುತ್ತೇನೆ ಎಂದರು.

ಅಝೀಮ ತಲೆ ತಗ್ಗಿಸಿ ಕಣ್ಣು ಒರೆಸಿಕೊಂಡ. ಅದನ್ನು ನೋಡದವರ ಹಾಗೆ ಶುಕೂರರು ಒಂದು ಗೋಳಿಬಜೆ ತಿಂದರು.

"ಆದ್ರೆ ಹಾಜಿಯವರು ನನ್ನ ಬಾಯಿಮಾತು ನಂಬ್ತಾರಾ?" ಎಂದು ಕಾಂತಿಯಕ್ಕ ಮತ್ತೆ ಶುರುಮಾಡಿದರು. "ಗಂಡನ ತಪ್ಪು ಒಪ್ಪಿಕೊಂಡ್ಲು, ಸರಿ. ಎಣ್ಣೆ ಒಳ್ಳೇದು ಅಂತ ಹೇಗೆ ಗೊತ್ತು ಅಂತ ಕೇಳಿದ್ರೆ?"

ಪ್ರಶ್ನೆ ಸರಿಯಾಗಿತ್ತು. ಅದಕ್ಕೆ ಉತ್ತರವೂ ಶುಕೂರರ ಬಳಿ ಸಿದ್ಧವಿತ್ತು. ಆ ಕ್ಯಾನನ್ನೇ ತಂದು ಹಾಜಿಯವರ ಎದುರು ಇಡುವುದು. ಲಾರಿಯಲ್ಲಿ ಜೀವನ ಕಳೆದವರು, ಬೆರಳಿಗೆ ತಾಗಿಸಿ ಮೂಸಿದರೆ ಸಾಕು, ಅಸಲಿ ಯಾವುದು ನಕಲಿ ಯಾವುದು ಎಂದು ಅವರೇ ಹೇಳುತ್ತಾರೆ. ಹಾಜಿಯವರ ಬಾಯಿಯಿಂದ ಒಮ್ಮೆ ಅಸಲಿ ಎಂದು ಬಂದರೆ ರಿಕ್ಷಾ ಪಾರ್ಕಿನ ಬಾಯಿ ತಾನಾಗಿ ಮುಚ್ಚುತ್ತದೆ. ಹೊಸ ಹೆಸರು ಅಂಟುವುದಾದರೂ ಅದು ಒರಿಜಿನಲ್ ಅಝೀಮ್ ಎಂದೇ ಅಂಟುತ್ತದೆ.

ನಾಲ್ವರೂ ಗೋಡೌನಿಗೆ ಹೊರಟರು. ಮುಂಡಪ್ಪಣ್ಣ ಮುಂದೆ, ಕಾಂತಿಯಕ್ಕ ಅವರ ಹಿಂದೆ, ಹತ್ತಿರದಲ್ಲಿಯೇ.

ಗೋಡೌನಿನ ಅಟ್ಟದಲ್ಲಿ ಒಂದು ಕ್ಯಾನು ಇತ್ತು. ಅಡುಗೆ ಎಣ್ಣೆಯ ದೊಡ್ಡ ಪ್ಲಾಸ್ಟಿಕ್ ಕ್ಯಾನು, ಒಳಗೆ ಬಂಗಾರದ ಬಣ್ಣದ ತಿಳಿ ಎಣ್ಣೆ. ಶುಕೂರರು ಗೆದ್ದವರ ಹಾಗೆ ಅದನ್ನು ಎತ್ತಿ ಕೆಳಗಿಳಿಸಿದರು. ಮುಚ್ಚಳ ತಿರುಗಿಸಲು ಹೋದರೆ ತಿರುಗಲಿಲ್ಲ. ಕಂಪೆನಿಯ ಸೀಲು ಇನ್ನೂ ಒಡೆದಿರಲಿಲ್ಲ.

"ನಾನು ಇಟ್ಟದ್ದು ಇದಲ್ಲ," ಎಂದರು ಮುಂಡಪ್ಪಣ್ಣ. "ನೋಡ್ಲಿಕ್ಕೆ ಇದೇ ಥರ. ಆದ್ರೆ ಅದಕ್ಕೆ ಸೀಲು ಇರ್ಲಿಲ್ಲ."

ಕಾಂತಿಯಕ್ಕ ಹತ್ತಿರ ಬಂದು ಕ್ಯಾನನ್ನು ನೋಡಿದರು. ಹುಬ್ಬು ಗಂಟಿಕ್ಕಿದರು.

"ಇದು ಇಲ್ಲಿ ಹೇಗೆ ಉಳಿಯಿತು?" ಎಂದರು. "ಇದನ್ನು ಬೆಳಿಗ್ಗೆಯೇ ಅಕ್ಷಿತಾಳ ಹತ್ರ ಕಳಿಸಿದ್ದೆನಲ್ಲ."

ಅಕ್ಷಿತಾ ಅವರ ಮಗಳು. ಬಿ.ಸಿ. ರೋಡಿನ ಬ್ಯಾಂಕಿನಲ್ಲಿ ಕೆಲಸ, ಬಂಟ್ವಾಳದಲ್ಲಿ ರೂಮು. ಪ್ರತಿ ಭಾನುವಾರ ಬೆಳಿಗ್ಗೆ ಮನೆಯಿಂದ ಸ್ಕೂಟರಿನಲ್ಲಿ ಹೊರಡುತ್ತಾಳೆ.

"ಎಲ್ಲಿಗೆ ಕಳಿಸಿದ್ರಿ?" ಎಂದು ಕೇಳಿದ ಶುಕೂರರ ಸ್ವರ ಅವರಿಗೇ ಬೇರೆಯವರದ್ದು ಅನಿಸಿತು.

ಕಾಂತಿಯಕ್ಕ ಅಝೀಮನ ಮುಖ ನೋಡಿದರು. ಅವರ ಮನೆಗೂ ಜೈನಬಮ್ಮನ ಮನೆಗೂ ಕೊಟ್ಟು ತೆಗೆದುಕೊಳ್ಳುವುದು ಇವತ್ತು ನಿನ್ನೆಯದಲ್ಲ. ಪೆರ್ನಾಲ್ ಹಬ್ಬಕ್ಕೆ ಅಲ್ಲಿಂದ ಇಲ್ಲಿಗೆ ಬಿರಿಯಾನಿ, ಅಲ್ಲಿ ವಿಶೇಷ ಇದ್ದರೆ ಇಲ್ಲಿಂದ ಹೋಲ್‌ಸೇಲ್ ದರದ ಅಡುಗೆ ಎಣ್ಣೆ.

"ಜಗಳ ಅಂಗಡಿಯ ಮೇಲೆ, ಜೈನಬಮ್ಮನ ಮೇಲೆ ಅಲ್ಲ ಅಂತ..." ಕಾಂತಿಯಕ್ಕನ ಮಾತು ನಿಧಾನವಾಯಿತು. "ಹುಡುಗನ ಕಡೆಯವರು ಬರ್ತಾರಲ್ಲ, ಪೋಡಿ ಕರಿಯಲಿಕ್ಕೆ ಆಗ್ತದೆ ಅಂತ, ಅಟ್ಟದಲ್ಲಿ ಇದ್ದ ಕ್ಯಾನು ತಗೊಂಡು ಹೋಗಿ ಕೊಡು ಅಂದೆ."

ಹೊರಗೆ ಮಿಜಾರಿನ ಮಸೀದಿಯಲ್ಲಿ ಅಸರಿನ ಬಾಂಗ್ ಆಗಿ ಆಗಲೇ ಸುಮಾರು ಹೊತ್ತಾಗಿತ್ತು. ಇಲ್ಲಿಂದ ಬಂಟ್ವಾಳಕ್ಕೆ ಎಷ್ಟು ಬಿಟ್ಟು ಹೊಡೆದರೂ ಮುಕ್ಕಾಲು ಗಂಟೆ ಬೇಕು.

ಅಝೀಮ ಮನೆಗೆ ಫೋನು ಮಾಡಿದ. ಎತ್ತಲಿಲ್ಲ. ನುಸ್ರತ್‌ಗೆ ಮಾಡಿದ. ಸ್ವಿಚ್ ಆಫ್. ಅಲಂಕಾರ ಮಾಡಿ ಒಳಗಿನ ಕೋಣೆಯಲ್ಲಿ ಕೂರಿಸಿದ ಮೇಲೆ ಅವಳ ಕೈಯಲ್ಲಿ ಫೋನು ಯಾರು ಬಿಡುತ್ತಾರೆ? ತಾಯಿಗೆ ಪುನಃ ಮಾಡಿದ. ಬೆಲ್ಲು ಹೋಗುತ್ತಲೇ ಇತ್ತು. ಕಾಂತಿಯಕ್ಕ ಮಗಳಿಗೆ ಮಾಡಲು ಸೆರಗಿನಲ್ಲಿ ಫೋನು ಹುಡುಕುತ್ತಿದ್ದರು, ಫೋನು ಅಡುಗೆಮನೆಯಲ್ಲಿತ್ತು.

ಶುಕೂರರು ಸೀಲು ಒಡೆಯದ ಕ್ಯಾನನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ನಿಂತಿದ್ದರು. ಅಝೀಮನ ಮರ್ಯಾದೆಗೆ ಲೋಕದಲ್ಲಿ ಇದ್ದ ಒಂದೇ ಒಂದು ಸಾಕ್ಷಿ ಈ ಹೊತ್ತಿಗೆ ಅಕ್ಕನ ಬಾಣಲೆಯಲ್ಲಿತ್ತು. ಅದನ್ನು ಚೆಲ್ಲಿಸಿದರೆ ಸಾಕ್ಷಿ ಹೋಗುತ್ತದೆ. ಚೆಲ್ಲಿಸದಿದ್ದರೆ ಬೀಗರೇ ಹೋಗುತ್ತಾರೆ.

ಆಗ ಅಝೀಮನ ಕೈಯಲ್ಲಿ ಫೋನು ಹೊಡೆದುಕೊಂಡಿತು. ಅವನು ಸ್ಪೀಕರ್ ಒತ್ತಿದ.

"ಮೋನೇ," ಎಂದರು ಜೈನಬಮ್ಮ. ಅವರ ಸ್ವರದಲ್ಲಿ ಸಂಭ್ರಮ ಉಕ್ಕುತ್ತಿತ್ತು. "ಕಾಂತಿಗೆ ನನ್ನ ಸಲಾಂ ಹೇಳು. ಎಂಥ ಎಣ್ಣೆ ಕಳಿಸಿದ್ದಾಳೆ ಅವಳು. ಎಷ್ಟು ಕಾಯಿಸಿದ್ರೂ ಕಮ್ಮಿಯೇ ಆಗೂದಿಲ್ಲ."

"ಉಮ್ಮಾ, ಒಲೆ ಆಫ್ ಮಾಡಿ. ಯಾರಿಗೂ ಕೊಡ್ಬೇಡಿ."

"ಕೊಟ್ಟಾಯ್ತಲ್ಲ. ಹಾಜಿಯವರು ಬಂದು ಕೂತು ಕಾಲು ಗಂಟೆ ಆಯ್ತು. ಪೋಡಿ ಒಂದು ಕಚ್ಚಿ, ಕಣ್ಣು ಮುಚ್ಚಿ, ಯಾರೂ ಮಾತಾಡಬೇಡಿ ಅಂತ ಕೈ ಎತ್ತಿದ್ದಾರೆ. ಈ ಎಣ್ಣೆ ನನಗೆ ಮೂವತ್ತು ವರ್ಷದ ಪರಿಚಯ, ಇದರ ಹೆಸರು ನಾನೇ ಹೇಳ್ತೇನೆ ಅಂತಾರೆ." ಜೈನಬಮ್ಮ ಸ್ವರ ತಗ್ಗಿಸಿದರು. "ಪಾಪ, ನೆನಪಾಗೂದಿಲ್ಲ ಅಂತ ಕಾಣ್ತದೆ. ಯಾವ ಎಣ್ಣೆ ಅಂತ ನಾನು ಹೇಳಿ ಬಿಡ್ಲಾ?"